ಬೆಂಗಳೂರಿನಲ್ಲಿ ಒಳ್ಳೆಯ ಹೋಟೆಲ್ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ‘ಹೋಟೆಲ್’ ಅಂದರೆ ನಮ್ಮೂರಿನ ಅರ್ಥದಲ್ಲೇ, ತಿಂಡಿ, ಊಟ, ಕಾಫಿ ಸಿಗುವ ಜಾಗ. ಬೆಂಗಳೂರು ಮತ್ತು ಅಲ್ಲಿಂದ ಒಂದೂವರೆ ಗಂಟೆ ದೂರದೊಳಗಿನ ಊರುಗಳ ಬಗ್ಗೆ ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಉತ್ತರಗಳು ಇಲ್ಲಿವೆ.

ಬೆಂಗಳೂರಿಗೆ ಹೊಸಬರು ನಾವು. ಎಲ್ಲಿಂದ ಶುರು ಮಾಡಬೇಕು?

ಹೋಟೆಲಿನ ಹೆಸರಿನಿಂದ ಶುರು ಮಾಡಬೇಡಿ. ಏನು ತಿನ್ನಬೇಕು, ಎಷ್ಟು ಹೊತ್ತಿಗೆ ತಿನ್ನಬೇಕು ಅನ್ನುವುದು ಮೊದಲು ತೀರ್ಮಾನವಾಗಲಿ. ಈ ಊರಿನ ಒಳ್ಳೆಯ ಹೋಟೆಲುಗಳಲ್ಲಿ ಬಹಳಷ್ಟು ಒಂದೆರಡು ಪದಾರ್ಥಕ್ಕೆ ಹೆಸರಾದವು. ಬೆಳಗ್ಗೆ ಏಳಕ್ಕೆ ಅದ್ಭುತ ಅನ್ನಿಸಿದ ದೋಸೆ, ಅದೇ ಕಾವಲಿಯಲ್ಲಿ ಹನ್ನೊಂದೂವರೆಗೆ ಸಪ್ಪೆ ಅನ್ನಿಸುವುದುಂಟು. ‘ಹೆಸರಿಗಷ್ಟೇ ದೊಡ್ಡ ಹೋಟೆಲ್’ ಎಂದು ಬೇಸರಪಟ್ಟವರನ್ನು ಎಷ್ಟು ಹೊತ್ತಿಗೆ ಹೋಗಿದ್ದಿರಿ, ಏನು ಹೇಳಿದಿರಿ ಎಂದು ಕೇಳಿ ನೋಡಿ. ಇಡ್ಲಿಗೆ ಹೆಸರಾದಲ್ಲಿ ನೂಡಲ್ಸ್ ತರಿಸಿಕೊಂಡಿರುತ್ತಾರೆ, ಇಲ್ಲವೇ ಭಾನುವಾರ ಹತ್ತು ಗಂಟೆಯ ನೂಕುನುಗ್ಗಲಿನಲ್ಲಿ ಹೋಗಿರುತ್ತಾರೆ.

ಆಮೇಲೆ ಬಡಾವಣೆ ನೋಡಿ. ಹಳೆಯ ತಿಂಡಿ ಹೋಟೆಲುಗಳು ಹೆಚ್ಚಾಗಿ ಬಸವನಗುಡಿ, ಮಲ್ಲೇಶ್ವರ, ಚಿಕ್ಕಪೇಟೆ ಕಡೆ ಇವೆ. ಜೋಳದ ರೊಟ್ಟಿಯ ಖಾನಾವಳಿಗೆ ಗಾಂಧಿನಗರ, ಮೆಜೆಸ್ಟಿಕ್ ಸುತ್ತ ನೋಡಿ. ಕಬಾಬು, ಸಮೋಸ, ಸುಲೈಮಾನಿ ಚಹಾಕ್ಕೆ ಫ್ರೇಜರ್ ಟೌನ್, ಶಿವಾಜಿನಗರ, ಜಾನ್ಸನ್ ಮಾರ್ಕೆಟ್.

ದೋಸೆಗೆ ಸರಿಯಾದ ಹೊತ್ತು ಯಾವುದು?

ಬಾಗಿಲು ತೆಗೆದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು, ಒಂಬತ್ತೂವರೆಯೊಳಗೆ. ದಪ್ಪ ಕಬ್ಬಿಣದ ಕಾವಲಿಗೆ ಎಲ್ಲ ಕಡೆ ಒಂದೇ ಹದದ ಕಾವು ಬರಲು ಸ್ವಲ್ಪ ಹೊತ್ತು ಬೇಕು. ಮೊದಲೆರಡು ಸುತ್ತಿನ ದೋಸೆ ನಡುವೆ ಕೆಂಪಾಗಿ ಅಂಚಲ್ಲಿ ಬೆಳ್ಳಗಿರುವುದು ಅದಕ್ಕೇ. ಇನ್ನೊಂದು ತುದಿಯಲ್ಲಿ ಹಿಟ್ಟಿನ ಹುಳಿ. ರಾತ್ರಿಯೆಲ್ಲ ಹುದುಗಿದ ಹಿಟ್ಟು ಅಡುಗೆಮನೆಯ ಬಿಸಿಯಲ್ಲಿ ಹುದುಗುತ್ತಲೇ ಇರುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ಹತ್ತೂವರೆ ದಾಟಿದರೆ ಹುಳಿ ನಾಲಿಗೆಗೆ ಗೊತ್ತಾಗುತ್ತದೆ. ಕಾಯಿ ಚಟ್ನಿಯೂ ಹಾಗೆಯೇ, ರುಬ್ಬಿ ಮೂರ್ನಾಲ್ಕು ಗಂಟೆ ಕಳೆದರೆ ಘಮ ಹೋಗಿ ಹಳಸಿನ ಅಂಚಿಗೆ ಬರುತ್ತದೆ. ಸಂಜೆ ಹೋಗುವುದಾದರೆ ನಾಲ್ಕು ನಾಲ್ಕೂವರೆ ಒಳ್ಳೆಯದು. ಹೊಸ ಚಟ್ನಿ, ಹೊಸ ಪಲ್ಯ ಆಗಿರುತ್ತದೆ.

ದೋಸೆ ಹಾಕುವವರ ಕೈ ಗಮನಿಸಿ. ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಒರೆಸಿ, ಆಮೇಲೆ ಹಿಟ್ಟು ಹಚ್ಚುವುದು ಕಾವನ್ನು ಇಳಿಸಲಿಕ್ಕೆ. ಗಡಿಬಿಡಿಯಲ್ಲಿ ನೀರು ಚಿಮುಕಿಸುವುದನ್ನು ಬಿಟ್ಟರೆ ಹಿಟ್ಟು ಸುಡುಗಾವಲಿಗೆ ಅಂಟಿ ಗಂಟಾಗುತ್ತದೆ. ದೋಸೆ ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಅಂಥದ್ದು ಬಂದರೆ ತಿನ್ನುವ ಮೊದಲೇ ಹೇಳಿ, ಹೆಚ್ಚಿನ ಕಡೆ ಬದಲಾಯಿಸಿ ಕೊಡುತ್ತಾರೆ.

ಎಂಟಿಆರ್, ವಿದ್ಯಾರ್ಥಿ ಭವನ, ಸಿಟಿಆರ್: ಮೂರಕ್ಕೂ ಹೋಗಲೇಬೇಕೇ?

ಮೂರರ ರುಚಿಯೂ ಬೇರೆ ಬೇರೆ, ಹಾಗಾಗಿ ಹೋಗುವುದಾದರೆ ಬೇರೆ ಬೇರೆ ದಿನ ಹೋಗಿ.

ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ. ದೋಸೆ ಸ್ವಲ್ಪ ದಪ್ಪ, ಹೊರಗೆ ಗರಿ, ಒಳಗೆ ಮೃದು. ಮೇಲೆ ಧಾರಾಳ ಜಿಡ್ಡು. ಶುಕ್ರವಾರ ರಜೆ, ಇದನ್ನು ಮರೆತು ಹೋಗಿ ಮುಚ್ಚಿದ ಬಾಗಿಲು ನೋಡಿ ಬರುವವರು ಈಗಲೂ ಇದ್ದಾರೆ. ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ಇಬ್ಬರೇ ಇದ್ದರೆ ಬೇಗ ಜಾಗ ಸಿಗುತ್ತದೆ, ಯಾಕೆಂದರೆ ಅಪರಿಚಿತರ ಜೊತೆ ಒಂದೇ ಮೇಜಿಗೆ ಕೂರಿಸುವುದು ಅಲ್ಲಿನ ವಾಡಿಕೆ.

ಮಲ್ಲೇಶ್ವರದ ಸಿಟಿಆರ್‌ನ ಬೋರ್ಡಿನಲ್ಲಿ ಈಗ ಶ್ರೀ ಸಾಗರ್ ಎಂದಿದೆ. ‘ಸಿಟಿಆರ್ ಎಲ್ಲಿ’ ಎಂದು ಅದರ ಮುಂದೆಯೇ ನಿಂತು ಕೇಳುವವರಿಗೆ ಈ ಮಾತು. ಇಲ್ಲಿನ ಬೆಣ್ಣೆ ಮಸಾಲೆ ದೋಸೆ ಇನ್ನಷ್ಟು ಗರಿಗರಿ, ಬಣ್ಣ ಇನ್ನಷ್ಟು ಕೆಂಪು.

1924ರಲ್ಲಿ ಶುರುವಾದ ಎಂಟಿಆರ್‌ನ ಮೂಲ ಜಾಗ ಲಾಲ್‌ಬಾಗ್ ರಸ್ತೆಯಲ್ಲಿ, ಊರ್ವಶಿ ಚಿತ್ರಮಂದಿರದ ಹತ್ತಿರ. ಸೋಮವಾರ ರಜೆ. ಅಲ್ಲಿ ದೋಸೆಗಿಂತ ಮೊದಲು ರವೆ ಇಡ್ಲಿ ತಿನ್ನಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಕೊರತೆಯಾದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ಅವರೇ ಎಂಬುದು ಅವರ ಹೇಳಿಕೆ. ಮಧ್ಯಾಹ್ನದ ಊಟ ಹಂತ ಹಂತವಾಗಿ ಬಡಿಸುವಂಥದ್ದು. ಅವಸರವಿದ್ದರೆ ಹೋಗಬೇಡಿ, ಒಂದು ಗಂಟೆ ಇಟ್ಟುಕೊಳ್ಳಿ.

ಹಳೆಯ ತಿಂಡಿ ಹೋಟೆಲುಗಳಲ್ಲಿ ಅನೇಕವು ಮಧ್ಯಾಹ್ನ ಕೆಲ ಹೊತ್ತು ಬಾಗಿಲು ಹಾಕುತ್ತವೆ. ಎರಡು ಗಂಟೆಗೆ ಆಟೋ ಹಿಡಿಯುವ ಮೊದಲು ಫೋನ್ ಮಾಡಿ.

ಇಡ್ಲಿ ಎಲ್ಲಿ ಚೆನ್ನಾಗಿರುತ್ತದೆ? ಒಳ್ಳೆಯ ಇಡ್ಲಿ ಗುರುತಿಸುವುದು ಹೇಗೆ?

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಮತ್ತು ಮಲ್ಲೇಶ್ವರದ ವೀಣಾ ಸ್ಟೋರ್ಸ್, ಈ ಎರಡರಿಂದ ಶುರು ಮಾಡಿ. ಎರಡರಲ್ಲೂ ನಿಂತೇ ತಿನ್ನಬೇಕು. ಬ್ರಾಹ್ಮಿನ್ಸ್‌ನಲ್ಲಿ ಇಡ್ಲಿ, ವಡೆ, ಖಾರಾಭಾತ್, ಕೇಸರಿಭಾತ್, ಕಾಫಿ, ಚಹಾ, ಇಷ್ಟೇ ಪಟ್ಟಿ. ಸಾಂಬಾರ್ ಕೇಳಬೇಡಿ, ಇಲ್ಲ. ಚಟ್ನಿ ಮಾತ್ರ, ಅದನ್ನು ಎಷ್ಟು ಸಲ ಬೇಕಾದರೂ ಹಾಕುತ್ತಾರೆ. ಭಾನುವಾರ ರಜೆ.

ಬಟ್ಟೆ ಹಾಸಿ ಬೇಯಿಸಿದ ಇಡ್ಲಿಯ ತಳದಲ್ಲಿ ನೇಯ್ಗೆಯ ಗುರುತು ಕಾಣುತ್ತದೆ. ಚಮಚ ಇಟ್ಟು ಒತ್ತಿದರೆ ಕುಸಿದು ಮತ್ತೆ ಮೇಲೇಳಬೇಕು. ಮುರಿದಾಗ ಒಳಗೆ ಸಣ್ಣ ಸಣ್ಣ ರಂಧ್ರ ಒಂದೇ ಸಮ ಇರಬೇಕು. ಅಂಟಂಟಾಗಿದ್ದರೆ ಹಿಟ್ಟು ನೀರಾಗಿದೆ ಅಥವಾ ಪೂರ್ತಿ ಬೇಯುವ ಮೊದಲೇ ಇಳಿಸಿದ್ದಾರೆ. ಗಟ್ಟಿಯಿದ್ದರೆ ಉದ್ದು ಕಡಿಮೆ ಅಥವಾ ಹಿಟ್ಟು ಹುದುಗಿಲ್ಲ. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವುದನ್ನು ನಿಷೇಧಿಸುವುದಾಗಿ ರಾಜ್ಯದ ಆರೋಗ್ಯ ಇಲಾಖೆ 2025ರ ಫೆಬ್ರವರಿ ಕೊನೆಗೆ ಪ್ರಕಟಿಸಿತು. ಎಲ್ಲ ಇಡ್ಲಿಯ ತಳವೂ ಗಾಜಿನಂತೆ ನುಣುಪಾಗಿ ಹೊಳೆಯುತ್ತಿದ್ದರೆ, ಯಾವುದರಲ್ಲಿ ಬೇಯಿಸುತ್ತೀರಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ದರ್ಶಿನಿಯಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದೇ ಗೊತ್ತಾಗುವುದಿಲ್ಲ.

ದರ್ಶಿನಿ, ಅಂದರೆ ನಾವೇ ತಂದುಕೊಂಡು ನಿಂತು ತಿನ್ನುವ ತಿಂಡಿ ಹೋಟೆಲು, ಈ ಬಗೆಯೇ ಬೆಂಗಳೂರಿನದು. ಜಯನಗರದಲ್ಲಿ 1983ರಲ್ಲಿ ತೆರೆದ ಕೆಫೆ ದರ್ಶಿನಿಯಿಂದ ಆ ಹೆಸರು ಹಬ್ಬಿತು. ಮೊದಲು ಕ್ಯಾಷ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳಿ. ತಿಂಡಿಯ ಟೋಕನ್ ತಿಂಡಿ ಕೌಂಟರಿಗೆ, ಕಾಫಿಯದು ಕಾಫಿ ಕೌಂಟರಿಗೆ. ಕಾಫಿ ಟೋಕನ್ ಮೊದಲೇ ಕೊಟ್ಟರೆ ದೋಸೆ ಬರುವ ಹೊತ್ತಿಗೆ ಕಾಫಿ ತಣ್ಣಗಾಗಿರುತ್ತದೆ; ಕೈಯಲ್ಲೇ ಇಟ್ಟುಕೊಳ್ಳಿ.

ಕೆಲವು ಮಾತು ಗೊತ್ತಿದ್ದರೆ ಸಲೀಸು. ‘ಒಂದು ಇಡ್ಲಿ ವಡೆ, ಡಿಪ್’ ಅಂದರೆ ಸಾಂಬಾರಿನಲ್ಲಿ ಮುಳುಗಿಸಿ ಕೊಡುತ್ತಾರೆ. ವಡೆಯ ಗರಿ ಬೇಕಾದವರು ‘ಸಾಂಬಾರ್ ಬೇರೆ’ ಎನ್ನಿ. ಖಾರಾಭಾತ್, ಕೇಸರಿಭಾತ್ ಎರಡೂ ಒಂದೇ ತಟ್ಟೆಯಲ್ಲಿ ಬೇಕೆಂದರೆ ‘ಚೌಚೌ ಭಾತ್’. ಪಲ್ಯವಿಲ್ಲದ ಮೆತ್ತನೆಯ ದೋಸೆ ‘ಖಾಲಿ ದೋಸೆ’. ಒಂದು ಕಾಫಿಯನ್ನು ಇಬ್ಬರಿಗೆ ಹಂಚಿ ಕೊಡುವುದು ‘ಬೈಟು’, ಇದನ್ನು ಕೇಳಲು ಯಾವ ಸಂಕೋಚವೂ ಬೇಡ. ಕಾಫಿ ತೆಳ್ಳಗಿದೆ ಅನ್ನಿಸಿದರೆ ಅದು ಎರಡನೇ ಸಲ ಇಳಿಸಿದ ಡಿಕಾಕ್ಷನ್ ಇರಬಹುದು. ‘ಸ್ಟ್ರಾಂಗ್, ಸಕ್ಕರೆ ಕಡಿಮೆ’ ಎಂದು ಮೊದಲೇ ಹೇಳಿ, ಕೆಲವು ಕಡೆ ಸಕ್ಕರೆ ಹಾಲಿಗೇ ಬೆರೆತಿರುತ್ತದೆ. ಹಾಗಿದ್ದರೆ ಸಕ್ಕರೆಯಿಲ್ಲದ್ದು ಸಿಗುತ್ತದೆಯೇ ಎಂದು ಟೋಕನ್ ತೆಗೆದುಕೊಳ್ಳುವಾಗಲೇ ಕೇಳಬೇಕು.

ಮಿಲಿಟರಿ ಹೋಟೆಲಿಗೆ ಮೊದಲ ಸಲ ಹೋಗುತ್ತಿದ್ದೇವೆ. ಏನು ತಿನ್ನಬೇಕು?

ಮಾಂಸದೂಟಕ್ಕೆ ಹೆಸರಾದ ಈ ಹೋಟೆಲುಗಳಲ್ಲಿ ಮುದ್ದೆಯಿಂದ ಶುರು ಮಾಡಿ. ಮುದ್ದೆ, ಮಟನ್ ಸಾರು, ಪಕ್ಕಕ್ಕೆ ಚಾಪ್ಸ್ ಅಥವಾ ಕೈಮಾ. ಮುದ್ದೆಯನ್ನು ಅಗಿಯುವುದಲ್ಲ, ಸಣ್ಣ ತುಣುಕು ಮುರಿದು, ಸಾರಲ್ಲಿ ಹೊರಳಿಸಿ, ನುಂಗುವುದು. ಮುದ್ದೆ ಬಿಸಿಯಾಗಿದ್ದು ಬೆರಳಿಗೆ ಅಂಟದಿದ್ದರೆ ತಿರುವಿದವರ ಕೈ ಪಳಗಿದೆ ಎಂದರ್ಥ. ಒಳಗೆ ಬಿಳಿ ಗಂಟು ಸಿಕ್ಕಿದರೆ ಹಿಟ್ಟು ಬೆಂದಿಲ್ಲ. ಕಾಲು ಸೂಪು, ಬೋಟಿ, ತಲೆಮಾಂಸ ಎಲ್ಲ ದಿನವೂ ಇರುವುದಿಲ್ಲ. ಕೂರುವ ಮೊದಲೇ ‘ಇವತ್ತು ಏನಿದೆ’ ಎಂದು ಕೇಳಿ. ಪಟ್ಟಿ ನೋಡಿ ಹೇಳುವುದಕ್ಕಿಂತ ಇದೇ ವಾಸಿ.

ದೊನ್ನೆ ಬಿರಿಯಾನಿಯನ್ನು ಹೈದರಾಬಾದಿನದರ ಜೊತೆ ಹೋಲಿಸಬೇಡಿ. ಇದರ ಅಕ್ಕಿ ಉದ್ದನೆಯ ಬಾಸ್ಮತಿಯಲ್ಲ, ಜೀರಿಗೆ ಸಾಂಬಾದಂಥ ಸಣ್ಣಕ್ಕಿ. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿಯ ಹಸಿರು ಮಸಾಲೆ ಅಕ್ಕಿಗೇ ಹತ್ತಿರುತ್ತದೆ. ಹನ್ನೆರಡರಿಂದ ಒಂದರೊಳಗೆ ಹೋಗಿ. ತಡವಾದರೆ ಪಾತ್ರೆಯ ತಳ ಸಿಗುತ್ತದೆ, ಅಕ್ಕಿ ಮುದ್ದೆಯಾಗಿರುತ್ತದೆ. ಇನ್ನೂ ತಡವಾದರೆ ಏನೂ ಸಿಗುವುದಿಲ್ಲ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನಲ್ಲಿ ಭಾನುವಾರದ ಸಾಲು ರಸ್ತೆಗೇ ಬರುತ್ತದೆ, ಮಂಗಳವಾರ ಬುಧವಾರ ಹೋದರೆ ನೆಮ್ಮದಿ.

ಗಾಂಧಿ ಜಯಂತಿ, ಮಹಾವೀರ ಜಯಂತಿ, ಶ್ರೀರಾಮನವಮಿ, ಗಣೇಶ ಚತುರ್ಥಿಯಂಥ ದಿನಗಳಲ್ಲಿ ನಗರದಲ್ಲಿ ಪ್ರಾಣಿವಧೆ ಮತ್ತು ಮಾಂಸ ಮಾರಾಟಕ್ಕೆ ನಿಷೇಧವಿರುತ್ತದೆ. ಅಂದು ಬಾಗಿಲು ಹಾಕಿರಬಹುದು. ತೆರೆದಿದ್ದರೂ ತಾಜಾ ಮಾಂಸದ ಭರವಸೆ ಇಟ್ಟುಕೊಳ್ಳಬೇಡಿ.

ಕರಾವಳಿ ಮೀನೂಟದ ಬಿಲ್ ಒಮ್ಮೆ ಒಂದು ಥರ, ಇನ್ನೊಮ್ಮೆ ದುಪ್ಪಟ್ಟು. ಯಾಕೆ?

ಪಟ್ಟಿಯಲ್ಲಿ ಬೆಲೆಯ ಜಾಗದಲ್ಲಿ ‘ಗಾತ್ರಕ್ಕೆ ತಕ್ಕಂತೆ’ ಎಂದಿರುವ ಅಂಜಲ್, ಮಾಂಜಿ, ಕಾಣೆ, ಏಡಿ ಇವುಗಳಿಂದ. ತರಿಸಿಕೊಳ್ಳುವ ಮೊದಲು ‘ಮೀನನ್ನು ತೋರಿಸಿ, ಬೆಲೆ ಹೇಳಿ’ ಎಂದು ಕೇಳಿ. ಕೇಳಿದರೆ ಅವರು ಬೇಸರಪಟ್ಟುಕೊಳ್ಳುವುದಿಲ್ಲ.

ಕ್ಯಾಲೆಂಡರನ್ನೂ ನೋಡಬೇಕು. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರಚಾಲಿತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಬೆಂಗಳೂರಿಗೆ ಬರುವ ಮೀನು ಹೆಚ್ಚಾಗಿ ಪೂರ್ವ ಕರಾವಳಿಯದ್ದು ಅಥವಾ ಮಂಜುಗಡ್ಡೆಯಲ್ಲಿ ಬಹಳ ದಿನ ಇದ್ದದ್ದು, ದರವೂ ಏರಿರುತ್ತದೆ. ಈ ಎರಡು ತಿಂಗಳು ಕೋರಿ ರೊಟ್ಟಿ, ನೀರುದೋಸೆ ಜೊತೆ ಕೋಳಿ ಗಸಿ ತಿನ್ನುವುದೇ ಜಾಣತನ. ಮೀನಿಗೆ ಆಗಸ್ಟ್ ಕೊನೆಯ ನಂತರ ಹೋಗಿ. ತವಾ ಫ್ರೈ ಬಂದಾಗ ಮುಳ್ಳಿನಿಂದ ತುಣುಕು ಸಲೀಸಾಗಿ, ಪದರ ಪದರವಾಗಿ ಬಿಡಬೇಕು. ಹಿಟ್ಟಿನ ಥರ ಮೆತ್ತಗಾಗಿದ್ದರೆ ಹಳೆಯದು.

ಉತ್ತರ ಕರ್ನಾಟಕದ ಊಟ?

ಗಾಂಧಿನಗರದ ಕಾಮತ್ ಯಾತ್ರಿ ನಿವಾಸದಲ್ಲಿ ಕೂತು ನಿಧಾನವಾಗಿ ಉಣ್ಣಬಹುದು. ಮೆಜೆಸ್ಟಿಕ್ ಸುತ್ತಲಿನ ಸಣ್ಣ ಖಾನಾವಳಿಗಳಲ್ಲಿ ಕಡಿಮೆ ದುಡ್ಡಿಗೆ ಊರಿನ ರುಚಿ ಸಿಗುತ್ತದೆ. ಖಡಕ್ ರೊಟ್ಟಿ ಯಾವಾಗಲೂ ಇರುತ್ತದೆ, ‘ಬಿಸಿ ರೊಟ್ಟಿ’ ಎಂದು ಕೇಳಿ ಹಾಕಿಸಿಕೊಳ್ಳಬೇಕು. ಜೋಳದ ಹಿಟ್ಟು ಬೀಸಿ ಬಹಳ ದಿನವಾದರೆ ಜಿಗುಟು ಹೋಗುತ್ತದೆ. ಬಡಿಯುವಾಗಲೇ ರೊಟ್ಟಿ ಒಡೆಯುತ್ತದೆ, ತಿಂದರೆ ಕಹಿಯ ಎಳೆ. ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ ಇಷ್ಟು ತಟ್ಟೆಯಲ್ಲಿದ್ದರೆ ಬೇರೇನೂ ಬೇಡ. ಪನ್ನೀರು ಪಲ್ಯ ಜೊತೆಗಿಟ್ಟರೆ ಅದು ಬೆಂಗಳೂರಿಗಾಗಿ ತಿದ್ದಿದ ಊಟ.

ಊರ ಹೊರಗೆ, ಕಾರು ಬೈಕಿನಲ್ಲಿ ಹೋಗಿ ತಿಂದು ಬರುವಂಥದ್ದು?

ಮೈಸೂರು ದಾರಿ: ಬಿಡದಿ ತಟ್ಟೆ ಇಡ್ಲಿ, ಮುಂದೆ ಮದ್ದೂರು ವಡೆ. ಇಲ್ಲಿ ಬಹಳ ಜನ ತಪ್ಪುವುದು ರಸ್ತೆಯಲ್ಲಿ. 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿಯ ಮುಖ್ಯ ಪಥ ಹಿಡಿದರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಯಾವ ಊರೂ ಒಳಗಿನಿಂದ ಸಿಗುವುದಿಲ್ಲ, ಬೈಪಾಸಿನಲ್ಲಿ ದಾಟಿಬಿಡುತ್ತೀರಿ. ತಿನ್ನಲೆಂದೇ ಹೊರಟವರು ಕೆಂಗೇರಿ ದಾಟುವಾಗಲೇ ಸರ್ವಿಸ್ ರಸ್ತೆ ಹಿಡಿಯಿರಿ. 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವೂ ಇಲ್ಲ. ತಟ್ಟೆ ಇಡ್ಲಿಯನ್ನು ಬೆಣ್ಣೆ ಕರಗುವ ಮೊದಲು, ಹಬೆಯಲ್ಲಿರುವಾಗಲೇ ತಿನ್ನಬೇಕು. ಪಾರ್ಸೆಲ್ ಕಟ್ಟಿಸಿದರೆ ಅರ್ಧ ಗಂಟೆಯಲ್ಲಿ ನೀರೊಡೆದು ಅಂಟಾಗುತ್ತದೆ. ಮದ್ದೂರು ವಡೆ ಇದಕ್ಕೆ ವಿರುದ್ಧ. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ ಹಾಕಿ ತೆಳ್ಳಗೆ ತಟ್ಟಿ ಕರಿದದ್ದು ಸಂಜೆಯವರೆಗೂ ಹಾಳಾಗುವುದಿಲ್ಲ. ಆದರೂ ಬಾಣಲೆಯಿಂದ ಆಗಷ್ಟೇ ತೆಗೆದದ್ದರ ಗರಿ ಪೊಟ್ಟಣದ್ದಕ್ಕೆ ಬರುವುದಿಲ್ಲ.

ತುಮಕೂರು ದಾರಿಯಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಸಿದ್ಧಗಂಗಾ ಮಠಕ್ಕೆ ಹೋಗುವವರು ಹೇಗೂ ನಿಲ್ಲಿಸುವ ಜಾಗ. ಹೊಸಕೋಟೆಯಲ್ಲಿ ಭಾನುವಾರ ಬೆಳಗಿನ ಜಾವದ ದಮ್ ಬಿರಿಯಾನಿಗೆ ನಾಲ್ಕೈದು ಗಂಟೆಗೇ ಸಾಲು. ಒಬ್ಬರು ಸಾಲಿನಲ್ಲಿ ನಿಂತು, ಇನ್ನೊಬ್ಬರು ಗಾಡಿ ನಿಲ್ಲಿಸಲು ಜಾಗ ನೋಡುವುದು ಒಳ್ಳೆಯದು. ವಾರದ ದಿನ ಹೋದರೆ ಇಷ್ಟು ಕಷ್ಟವಿಲ್ಲ.

‘ದಾವಣಗೆರೆ ಬೆಣ್ಣೆ ದೋಸೆ’, ‘ಮೈಲಾರಿ’, ‘ಉಡುಪಿ’ ಎಂದು ಗಲ್ಲಿಗೊಂದು ಬೋರ್ಡಿದೆ. ಯಾವುದು ನಿಜವಾದದ್ದು?

ಇವು ಬಹುಪಾಲು ಶೈಲಿಯ ಹೆಸರುಗಳು, ಒಬ್ಬರ ಶಾಖೆಗಳಲ್ಲ. ಹಾಗಾಗಿ ಬೋರ್ಡು ಬಿಟ್ಟು ಪದಾರ್ಥ ನೋಡಿ. ದಾವಣಗೆರೆ ದೋಸೆಯಾದರೆ ಆಲೂಗಡ್ಡೆ ಪಲ್ಯ ಹಳದಿಯಿಲ್ಲದೆ ಬೆಳ್ಳಗೆ, ಪಕ್ಕಕ್ಕೆ ಇರುತ್ತದೆ, ಚಟ್ನಿ ತೆಳು ಮತ್ತು ಖಾರ, ಬೆಣ್ಣೆ ಬಿಳಿಯದು. ಹಳದಿ ಮಾರ್ಗರಿನ್ ಹಚ್ಚುವ ಕಡೆ ನಾಲಿಗೆಯ ಮೇಲೆ ಮೇಣದಂಥ ಜಿಡ್ಡು ಉಳಿಯುತ್ತದೆ, ಬೆಣ್ಣೆಯಾದರೆ ಉಳಿಯುವುದಿಲ್ಲ. ಮೈಸೂರಿನ ಮೈಲಾರಿ ಬಗೆಯದ್ದು ಗರಿಗರಿಯಲ್ಲ, ಸ್ಪಂಜಿನಂತೆ ಮೆತ್ತಗೆ. ಗರಿಗರಿ ದೋಸೆಗೆ ಆ ಹೆಸರಿಟ್ಟಿದ್ದರೆ ಅದು ಹೆಸರು ಮಾತ್ರ.

ಮೊಬೈಲಿನ ನಕ್ಷೆಯಲ್ಲಿ ಸಿಗುವ ರೇಟಿಂಗ್ ನಂಬಬಹುದೇ?

ಓದುವ ಕ್ರಮ ಗೊತ್ತಿದ್ದರೆ ನಂಬಬಹುದು. ನೂರು ಜನ ಕೊಟ್ಟ 4.8ಕ್ಕಿಂತ ಎಂಟು ಸಾವಿರ ಜನ ಕೊಟ್ಟ 4.3 ಮೇಲು. ಮೊದಲು ‘ಹೊಸತು’ ಎಂದು ವಿಂಗಡಿಸಿ, ಕಳೆದ ಎರಡು ತಿಂಗಳದ್ದಷ್ಟೇ ಓದಿ. ಅಡುಗೆಯವರು ಬದಲಾದರೆ ಅಲ್ಲೇ ಗೊತ್ತಾಗುತ್ತದೆ. ಒಂದೇ ವಾರದಲ್ಲಿ ‘ತುಂಬಾ ಚೆನ್ನಾಗಿದೆ’ ಎಂಬ ಒಂದು ಸಾಲಿನ ಐದು ನಕ್ಷತ್ರ ಹತ್ತಾರು ಬಂದಿದ್ದರೆ, ರೇಟಿಂಗ್ ಕೊಟ್ಟವರಿಗೆ ಐಸ್‌ಕ್ರೀಮೋ ಜ್ಯೂಸೋ ಬಿಟ್ಟಿ ಸಿಕ್ಕಿರಬಹುದು. ಮೂರು ನಕ್ಷತ್ರದವರ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಅವರು ಏನು ಚೆನ್ನಾಗಿತ್ತು, ಏನು ಚೆನ್ನಾಗಿರಲಿಲ್ಲ ಎರಡನ್ನೂ ಬರೆಯುತ್ತಾರೆ. ಮಾಲೀಕರು ಹಾಕಿದ ಚಿತ್ರ ಬಿಟ್ಟು ಗಿರಾಕಿಗಳ ಚಿತ್ರ ನೋಡಿ. ಎಲ್ಲರ ತಟ್ಟೆಯಲ್ಲೂ ಒಂದೇ ಪದಾರ್ಥ ಕಾಣುತ್ತಿದ್ದರೆ ನೀವು ತರಿಸಬೇಕಾದದ್ದು ಅದೇ.

ಕನ್ನಡದಲ್ಲೇ ಹುಡುಕಿ ನೋಡಿ. ‘ಖಾನಾವಳಿ’, ‘ಮಿಲಿಟರಿ ಹೋಟೆಲ್’, ‘ಮುದ್ದೆ ಊಟ’ ಎಂದು ಕನ್ನಡ ಲಿಪಿಯಲ್ಲಿ ಬರೆದರೆ ಬೇರೆಯೇ ಪಟ್ಟಿ ಬರುತ್ತದೆ.

ಬಿಲ್ಲಿನಲ್ಲಿ ಏನೇನು ನೋಡಬೇಕು?

ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ ಶೇ 5. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ದೊಡ್ಡ ವಸತಿ ಹೋಟೆಲಿನೊಳಗಿನ ರೆಸ್ಟೋರೆಂಟಾದರೆ ಶೇ 18. ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆಯನ್ನು ತಾವೇ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಹೋಟೆಲುಗಳು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಸರ್ವಿಸ್ ಚಾರ್ಜ್ ಬೇರೆ ವಿಷಯ, ಅದು ತೆರಿಗೆಯಲ್ಲ. ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಕೊಟ್ಟಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ‘ತೆಗೆದುಹಾಕಿ’ ಎಂದು ಮೆಲ್ಲಗೆ ಹೇಳಿ. ಒಪ್ಪದಿದ್ದರೆ ಬಿಲ್ಲಿನ ಚಿತ್ರ ತೆಗೆದುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆ ಇರಬೇಕು. ಊಟದಲ್ಲಿ ತೊಂದರೆಯಾದರೆ ದೂರಿಗೆ ಅದೇ ಬೇಕಾಗುವುದು.

ಕಾಲಕ್ಕೆ ತಕ್ಕ ತಿಂಡಿ ಯಾವುದು ತಪ್ಪಿಸಿಕೊಳ್ಳಬಾರದು?

ಅವರೆಕಾಳು. ಡಿಸೆಂಬರಿನಿಂದ ಫೆಬ್ರವರಿವರೆಗೆ ಸೊಗಡಿನ ಅವರೆ ಬರುತ್ತದೆ. ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಅವರೆಕಾಳು ಹಾಕಿದ ಅಕ್ಕಿ ರೊಟ್ಟಿಗೆ ವಿ.ವಿ.ಪುರದ ಕಡೆ ಹೋಗಿ. ಜನವರಿ ಹೊತ್ತಿಗೆ ಅವರೆಬೇಳೆ ಮೇಳವೂ ನಡೆಯುತ್ತದೆ. ಅಲ್ಲಿನ ತಿಂಡಿ ಬೀದಿಗೆ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು, ಸಂಜೆ ಗಾಡಿ ತಂದರೆ ನಿಲ್ಲಿಸಲು ಜಾಗವಿಲ್ಲ.

ರಂಜಾನಿನಲ್ಲಿ ಸೂರ್ಯಾಸ್ತದ ನಂತರ ಫ್ರೇಜರ್ ಟೌನಿನ ಮಸೀದಿ ರಸ್ತೆಯ ಕಡೆ ಹಲೀಮ್. ಈ ತಿಂಗಳು ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಕ್ಯಾಲೆಂಡರ್ ನೋಡಿಕೊಳ್ಳಿ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಆ ದಿನಗಳಲ್ಲಿ ಬಸವನಗುಡಿಗೆ ದೋಸೆಗೆಂದು ಗಾಡಿಯಲ್ಲಿ ಹೋಗಬೇಡಿ, ಕಡಲೆಕಾಯಿಗೆಂದು ನಡೆದು ಹೋಗಿ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಇರುವುದು ಒಂದೇ ಬೆಳಗ್ಗೆ. ಎಲ್ಲಿಗೆ ಕರೆದೊಯ್ಯಲಿ?

ಮಂಗಳವಾರ, ಬುಧವಾರ ಅಥವಾ ಗುರುವಾರವಾದರೆ ಬಸವನಗುಡಿಗೆ. ಏಳಕ್ಕೆ ವಿದ್ಯಾರ್ಥಿ ಭವನ ತಲುಪಿ. ದೋಸೆ ದೊಡ್ಡದು, ಜಿಡ್ಡೂ ಹೆಚ್ಚು. ಹಿರಿಯರಿಬ್ಬರಿಗೆ ಒಂದು ದೋಸೆ, ಒಂದು ಕಾಫಿ ಸಾಕು. ಅಲ್ಲಿಂದ ಆಟೋದಲ್ಲಿ ಲಾಲ್‌ಬಾಗಿಗೆ ಹೋಗಿ ಒಂದು ಗಂಟೆ ಸುತ್ತಾಡಿ, ಹೊರಬಂದು ಎಂಟಿಆರ್‌ನಲ್ಲಿ ಒಂದೊಂದು ರವೆ ಇಡ್ಲಿ. ಶುಕ್ರವಾರವಾದರೆ ವಿದ್ಯಾರ್ಥಿ ಭವನದ ಬದಲು ಬ್ರಾಹ್ಮಿನ್ಸ್ ಕಾಫಿ ಬಾರ್, ಆದರೆ ಮಂಡಿನೋವಿರುವವರಿಗೆ ನಿಂತು ತಿನ್ನುವುದು ಕಷ್ಟ. ನೇರವಾಗಿ ಎಂಟಿಆರ್‌ಗೇ ಹೋಗಿ. ಸೋಮವಾರವಾದರೆ ಗಾಂಧಿಬಜಾರಿನಲ್ಲೇ ಮುಗಿಸಿ. ಭಾನುವಾರ ಮಾತ್ರ ಉಳಿದಿದ್ದರೆ, ಅಂದು ಮೆಟ್ರೊ ತಡವಾಗಿ ಶುರುವಾಗುವುದರಿಂದ ಅದನ್ನು ನೆಚ್ಚದೆ ಆರೂಕಾಲಿಗೇ ಮನೆ ಬಿಡಿ. ಎಂಟು ಗಂಟೆ ಆದರೆ ಒಂದು ತಾಸು ಕಾಯಬೇಕಾಗಬಹುದು, ಹೊರಗೆ ಕೂರಲು ಎಲ್ಲರಿಗೂ ಬೆಂಚು ಸಿಗುವುದಿಲ್ಲ.